ಬೇಸ್‌ಮೆಂಟ್ ನೀರು ಹೊರಹಾಕೋ ಸಣ್ಣ ವ್ಯವಹಾರ: ಮೊದಲು ಯಾವ ಪಂಪು, ಯಾವ ಸಾಮಾನು ತಗೋಬೇಕು?

ಹೊರಮಾವು ಹುಡುಗ
ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಮನೆಗಳ ಬೇಸ್‌ಮೆಂಟು, ಸ್ಟಿಲ್ಟ್ ಪಾರ್ಕಿಂಗಲ್ಲಿ ನಿಂತ ನೀರು ಹೊರಹಾಕಿ, ಕೆಸರು ತೆಗೆದು, ತೊಳೆದು ಕೊಡೋ ಕೆಲಸ ಶುರು ಮಾಡ್ತಿದೀವಿ. ನಾವಿಬ್ಬರೇ. ಬೆಂಗಳೂರಿನ ಹೊರಮಾವು, ಹೆಣ್ಣೂರು, ರಾಮಮೂರ್ತಿನಗರ ಕಡೆ. ದೊಡ್ಡ ಟೆಕ್ ಪಾರ್ಕ್ ಎಲ್ಲ ಬೇಡ, 30×40, 40×60 ಸೈಟಿನ ಮನೆಗಳು, ಹತ್ತು ಹನ್ನೆರಡು ಮನೆ ಇರೋ ಚಿಕ್ಕ ಅಪಾರ್ಟ್‌ಮೆಂಟುಗಳು ಸಾಕು. ಲಗೇಜ್ ಆಟೋ ಇದೆ. ಸಾಮಾನಿಗೆ ಒಂದೂವರೆ ಲಕ್ಷ ಇಟ್ಕೊಂಡಿದೀವಿ. ಎಸ್.ಜೆ.ಪಿ. ರಸ್ತೆ ಅಂಗಡಿಯವರು ‘ಐದು ಎಚ್‌ಪಿ ಡೀಸೆಲ್ ಸೆಟ್ಟೇ ತಗೊಳ್ಳಿ, ಯಾವ ನೀರಾದ್ರೂ ಎಳೆಯುತ್ತೆ’ ಅಂತಿದಾರೆ. ಪೆಟ್ರೋಲಾ, ಡೀಸೆಲಾ, ಕರೆಂಟಾ? ಪೈಪಿನ ಬಾಯಿ ಎರಡಿಂಚಾ, ಮೂರಿಂಚಾ? ಪ್ರೆಷರ್ ವಾಷರ್ ಈಗಲೇ ಬೇಕಾ? ಕೆಲಸ ಗೊತ್ತಿರೋರು ಹೇಳಿ.

ಪಂಪ್ ಮೇಷ್ಟ್ರು
ಡೀಸೆಲ್ ಸೆಟ್ ಬೇಡವೇ ಬೇಡ. ಇಬ್ಬರು ಎತ್ತಿ ಗೇಟ್ ದಾಟಿಸಿ ರ‍್ಯಾಂಪ್ ಹತ್ತಿರ ಇಡೋಕಾಗದ ಯಾವುದನ್ನೂ ತಗೋಬೇಡಿ. ಮೂರಿಂಚಿನ ಪೆಟ್ರೋಲ್ ಪಂಪು ಮೂವತ್ತು ಕೆಜಿ ಒಳಗೇ ಬರುತ್ತೆ.

ಮೊದಲು ನೀರು ಎಷ್ಟು ಅಂತ ಲೆಕ್ಕ ಹಾಕೋದು ಕಲೀರಿ. ಒಂದು ಚದರಡಿ ಜಾಗದಲ್ಲಿ ಒಂದಡಿ ನೀರು ಅಂದ್ರೆ 28 ಲೀಟರ್ ಚಿಲ್ಲರೆ. 30×40 ಪೂರ್ತಿ ಬೇಸ್‌ಮೆಂಟಿನಲ್ಲಿ ಒಂದಡಿ ನಿಂತರೆ ಹತ್ತಿರ ಹತ್ತಿರ 34,000 ಲೀಟರ್. ಮೂರಿಂಚಿನ ಪಂಪಿನ ಡಬ್ಬದ ಮೇಲೆ ನಿಮಿಷಕ್ಕೆ ಸಾವಿರ ಲೀಟರ್ ಅಂತ ಬರೆದಿರ್ತಾರೆ. ಅದು ಎತ್ತರವೇ ಇಲ್ಲದಾಗಿನ ಲೆಕ್ಕ. ರ‍್ಯಾಂಪ್ ಮೇಲಿಂದ ಎಳೆದು, 25 ಮೀಟರ್ ಪೈಪ್ ದಾಟಿಸಿ ಬಿಡೋವಾಗ ಅದರ ಅರ್ಧ, ಅಬ್ಬಬ್ಬಾ ಅಂದ್ರೆ ಮುಕ್ಕಾಲು. ಐನೂರು ಅಂತ ಹಿಡಿದ್ರೂ ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗೀತು. ಅದೇ ಕೆಲಸ ನಿಮಿಷಕ್ಕೆ 200 ಲೀಟರ್ ಎತ್ತೋ ಒಂದು ಎಚ್‌ಪಿ ಸಬ್‌ಮರ್ಸಿಬಲ್‌ಗೆ (ನೀರಲ್ಲಿ ಮುಳುಗಿ ಓಡೋ ಕರೆಂಟ್ ಪಂಪು) ಮೂರು ಗಂಟೆ ಹತ್ತಿರ ಹಿಡಿಯುತ್ತೆ.

ಎರಡೂ ಬೇಕು. ಜಾಸ್ತಿ ನೀರಿಗೆ ಪೆಟ್ರೋಲ್, ಕೊನೇ ಅರ್ಧ ಅಡಿಗೆ ಸಬ್‌ಮರ್ಸಿಬಲ್.

ವೈರ್‌ಮನ್ ಬಸವನಗುಡಿ
ಪಂಪಿನ ಮಾತು ಆಮೇಲೆ. ಮೊದಲ ಖರೀದಿ ಕರೆಂಟ್ ಸುರಕ್ಷತೆ ಸಾಮಾನಾಗಲಿ. 2025ರ ಮೇ ತಿಂಗಳಲ್ಲಿ ಬಿಟಿಎಂ ಎರಡನೇ ಹಂತದ ಅಪಾರ್ಟ್‌ಮೆಂಟಲ್ಲಿ ಬೇಸ್‌ಮೆಂಟ್ ನೀರು ಹೊರಹಾಕೋಕೆ ಹೋಗಿ ಕರೆಂಟ್ ಹೊಡೆದು ಇಬ್ಬರು ಸತ್ತರು, ಅದರಲ್ಲಿ ಒಬ್ಬ ಇನ್ನೂ ಹುಡುಗ. ನೀವು ಮಾಡೋಕೆ ಹೊರಟಿರೋದು ಅದೇ ಕೆಲಸ.

ನೀರಿಗೆ ಕಾಲಿಡೋ ಮುಂಚೆ ಮೇನ್ ಆಫ್. ಮೀಟರ್ ಬೋರ್ಡೇ ಮುಳುಗಿದ್ರೆ ಅದನ್ನ ಮುಟ್ಟಬೇಡಿ, 1912ಕ್ಕೆ ಫೋನ್ ಮಾಡಿ ಬೆಸ್ಕಾಂನವರಿಂದ ಕಂಬದಲ್ಲೇ ಲೈನ್ ತೆಗೆಸಿ. ಮೇನ್ ಆಫ್ ಆದ ಮಾತ್ರಕ್ಕೆ ಕರೆಂಟ್ ಇಲ್ಲ ಅಂತಲ್ಲ. ಯುಪಿಎಸ್ ಇರೋ ಮನೇಲಿ ಬೇಸ್‌ಮೆಂಟ್ ಲೈಟು ಯುಪಿಎಸ್ ಲೈನಲ್ಲೇ ಇರಬಹುದು. ಅಪಾರ್ಟ್‌ಮೆಂಟಲ್ಲಿ ಜನರೇಟರ್ ಆಟೋಮ್ಯಾಟಿಕ್ ಮೋಡಲ್ಲಿದ್ರೆ, ನೀವು ಮೇನ್ ಇಳಿಸಿದ ಕೆಲವೇ ಸೆಕೆಂಡಲ್ಲಿ ಅದು ತಾನಾಗೇ ಸ್ಟಾರ್ಟ್ ಆಗಿ ಅದೇ ಲೈನಿಗೆ ಕರೆಂಟ್ ಕೊಡುತ್ತೆ. ಜನರೇಟರನ್ನ ಮೊದಲು ಆಫ್ ಮೋಡಿಗೆ ಹಾಕಿ, ಆಮೇಲೆ ಯುಪಿಎಸ್, ಆಮೇಲೆ ಮೇನ್. ಮನೆಯವರು ‘ಎಲ್ಲಾ ಆಫ್ ಮಾಡಿದೀವಿ’ ಅಂದ್ರೆ ನಂಬಿ ಇಳೀಬೇಡಿ, ನೀವೇ ನೋಡಿ.

ಸಬ್‌ಮರ್ಸಿಬಲ್ಲಿಗೆ ನಿಮ್ಮದೇ ಸ್ವಂತ ಬೋರ್ಡ್ ಮಾಡಿಸಿ: 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ಲೈನ್ ಕಡಿಯೋ ಸ್ವಿಚ್ಚು), ಜೊತೆಗೆ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ಕಡಿಯೋದು), 16 ಆಂಪ್ ಇಂಡಸ್ಟ್ರಿಯಲ್ ಪ್ಲಗ್ಗು ಸಾಕೆಟ್ಟು. ಪ್ರತಿ ಕೆಲಸಕ್ಕೂ ಮುಂಚೆ ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಗುತ್ತಾ ನೋಡಿ. ಪಂಪ್ ಓಡ್ತಿರೋವಾಗ ಆ ನೀರಲ್ಲಿ ಯಾರೂ ನಿಂತಿರಬಾರದು. ಸರಿಸಬೇಕಾ? ಮೊದಲು ಸ್ವಿಚ್ ಆಫ್, ಪ್ಲಗ್ ಹೊರಗೆ, ಆಮೇಲೆ ಹಗ್ಗ ಹಿಡಿದು ಎತ್ತಿ. ವೈರ್ ಹಿಡಿದು ಎತ್ತಿದ್ರೆ ಅದು ಒಳಹೋಗೋ ಜಾಗದ ಗ್ಲ್ಯಾಂಡ್ ಸಡಿಲ ಆಗಿ ನೀರು ಮೋಟರಿಗೇ ಇಳಿಯುತ್ತೆ.

ಕಮ್ಮನಹಳ್ಳಿ ಅಣ್ಣ
ವೈರ್‌ಮನ್ ಹೇಳಿದ್ದನ್ನ ಪ್ರಿಂಟ್ ತೆಗೆಸಿ ಆಟೋದಲ್ಲಿ ಅಂಟಿಸ್ಕೊಳ್ಳಿ.

ಜೆನ್‌ಸೆಟ್ ಸರ್ವಿಸ್
ಚಿಕ್ಕ ಪೆಟ್ರೋಲ್ ಜನರೇಟರ್ ಇಟ್ಕೊಂಡ್ರೆ ಮನೆ ಕರೆಂಟಿನ ತಂಟೆಯೇ ಇರಲ್ಲ. ಒಂದು ಎಚ್‌ಪಿ ಪಂಪಿಗೆ 3 ಕೆವಿಎ ಸಾಕು. ಓಡೋವಾಗ ಆರೇಳು ಆಂಪ್ ತಗೊಂಡ್ರೂ ಸ್ಟಾರ್ಟ್ ಆಗೋವಾಗ ಐದಾರು ಪಟ್ಟು ಎಳೆಯೋದ್ರಿಂದ 1 ಕೆವಿಎ ಸೆಟ್ ಅಲ್ಲೇ ಕೂತ್ಕೊಳ್ಳುತ್ತೆ.

ವೈರ್‌ಮನ್ ಬಸವನಗುಡಿ
@ಜೆನ್‌ಸೆಟ್ ಸರ್ವಿಸ್: ಸೈಜು ನೀವು ಹೇಳಿದ್ದು ಸರಿ. ಆದ್ರೆ ಪೋರ್ಟಬಲ್ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ಲು ಬಾಡಿಗೆ ಸೇರಿರಲ್ಲ. ಹಾಗಿದ್ರೆ ಆರ್‌ಸಿಸಿಬಿ ಹಾಕಿದ್ರೂ ಲೀಕೇಜ್ ಆದಾಗ ಟ್ರಿಪ್ ಆಗಲ್ಲ. ನ್ಯೂಟ್ರಲ್, ಬಾಡಿ, ಅರ್ಥ್ ಸೇರಿಸೋ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಟೆಸ್ಟರ್ ಇಟ್ಟು ಟ್ರಿಪ್ ಆಗುತ್ತಾ ಪರೀಕ್ಷೆ ಮಾಡಿಸ್ಕೊಳ್ಳಿ. ಬೋರ್ಡ್ ಮೇಲಿನ ಟೆಸ್ಟ್ ಬಟನ್ ಕೆಲಸ ಮಾಡಿದ್ರೆ ಎಲ್ಲ ಸರಿಯಿದೆ ಅಂತ ತಿಳ್ಕೋಬೇಡಿ. ಆ ಬಟನ್ ಆರ್‌ಸಿಸಿಬಿ ಒಳಗಿನ ಮೆಕ್ಯಾನಿಸಂ ಮಾತ್ರ ನೋಡುತ್ತೆ, ಹೊರಗಿನ ಅರ್ಥಿಂಗ್ ನೋಡಲ್ಲ.

ಇನ್ನೊಂದು, ವೈರಲ್ಲಿ ಜಿಪುಣತನ ಬೇಡ. 50 ಮೀಟರ್ ಉದ್ದಕ್ಕೆ 2.5 ಸ್ಕ್ವೇರ್ ಎಂಎಂ, ಮೂರು ಕೋರ್ ರಬ್ಬರ್ ಕೇಬಲ್. ಒಂದು ಸ್ಕ್ವೇರ್ ಎಂಎಂ ತಗೊಂಡ್ರೆ ಓಡೋವಾಗಲೇ 12 ವೋಲ್ಟ್ ಹೋಗುತ್ತೆ, ಸ್ಟಾರ್ಟಿಂಗಲ್ಲಿ 60ರ ಮೇಲೆ. ಮಳೆ ದಿನ ಮೊದಲೇ ವೋಲ್ಟೇಜ್ ಇಳಿದಿರುತ್ತೆ. ಮೋಟರ್ ತಿರುಗದೆ ಗುಂಯ್ ಅಂತ ಕೂತು ವೈಂಡಿಂಗ್ ಸುಟ್ಟುಹೋಗುತ್ತೆ.

ಯಲಹಂಕ ನಿವಾಸಿ
ಪೆಟ್ರೋಲ್ ಪಂಪನ್ನ ಬೇಸ್‌ಮೆಂಟ್ ಒಳಗೇ ಇಟ್ರೆ ಬೇಗ ಎಳೆಯುತ್ತಲ್ವಾ? ನೀರು ಎಳೆಯೋ ಸಕ್ಷನ್ ಪೈಪೂ ಚಿಕ್ಕದು ಸಾಕು.

ಪಂಪ್ ಮೇಷ್ಟ್ರು
@ಯಲಹಂಕ ನಿವಾಸಿ: ಯಾವ ಕಾರಣಕ್ಕೂ ಇಡಬೇಡಿ. ಇಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ವಾಸನೆ ಇಲ್ಲ, ಕಣ್ಣಿಗೆ ಕಾಣಲ್ಲ. ಬೇಸ್‌ಮೆಂಟಲ್ಲಿ ಕೆಲವೇ ನಿಮಿಷದಲ್ಲಿ ಜನ ಪ್ರಜ್ಞೆ ತಪ್ಪಿ ಬೀಳ್ತಾರೆ, ಎತ್ತೋಕೆ ಹೋದವರೂ ಬೀಳ್ತಾರೆ. ಕಿಟಕಿ ತೆಗೆದಿದೀವಿ, ಫ್ಯಾನ್ ಹಾಕಿದೀವಿ ಅನ್ನೋದು ಸಾಲಲ್ಲ. ಇಂಜಿನ್ ರ‍್ಯಾಂಪಿನ ತುದಿಯಲ್ಲಿ, ಬಯಲಲ್ಲಿ. ಒಳಗೆ ಹೋಗೋದು ಪೈಪ್ ಒಂದೇ.

ರ‍್ಯಾಂಪ್ ಅಂದಿದ್ದಕ್ಕೆ ಇನ್ನೊಂದು ಮಾತು. ಇಳಿಜಾರಲ್ಲಿ ಇಟ್ರೆ ಇಂಜಿನ್ ಎರಡು ನಿಮಿಷ ಓಡಿ ನಿಲ್ಲುತ್ತೆ, ಮತ್ತೆ ಸ್ಟಾರ್ಟ್ ಮಾಡಿದ್ರೂ ಅಷ್ಟೇ. ಕಾರ್ಬ್ಯುರೇಟರ್ ಬಿಚ್ಚೋಕೆ ಹೋಗಬೇಡಿ. ಒಳ್ಳೇ ಇಂಜಿನ್ನುಗಳಲ್ಲಿ ಆಯಿಲ್ ಕಮ್ಮಿಯಾದ್ರೆ ನಿಲ್ಲಿಸೋ ಸೆನ್ಸರ್ ಇರುತ್ತೆ. ಇಂಜಿನ್ ಓರೆಯಾದ್ರೆ ಆಯಿಲ್ ಒಂದು ಕಡೆಗೆ ಹೋಗಿ, ಕಮ್ಮಿ ಇದೆ ಅಂತ ಅದು ತಿಳಿಯುತ್ತೆ. ಕೆಳಗಡೆ ಹಲಗೆ, ಇಟ್ಟಿಗೆ ಕೊಟ್ಟು ಮಟ್ಟ ಮಾಡಿ, ಓಡುತ್ತೆ.

ಹಲಸೂರು ಹಾರ್ಡ್‌ವೇರ್
ಮೂರಿಂಚು ಬೇಡ, ಎರಡಿಂಚೇ ಸಾಕು ಅನ್ನೋದು ನಮ್ಮ ಅಭಿಪ್ರಾಯ. ಪೈಪ್ ಹಗುರ, ಬೆಲೆ ಕಮ್ಮಿ, ಒಬ್ಬನೇ ನಿಭಾಯಿಸಬಹುದು. ಮೂರಿಂಚಿನ ಸಕ್ಷನ್ ಪೈಪ್ ತುಂಬ ನೀರಿದ್ದಾಗ ಎಳೆದಾಡೋಕೆ ಇಬ್ಬರು ಬೇಕು. 30×40 ಮನೆಗೆ ಅಷ್ಟು ದೊಡ್ಡದು ಯಾಕೆ?

ಪಂಪ್ ಮೇಷ್ಟ್ರು
ಒಂದೇ ಮನೆ ಆದ್ರೆ ಒಪ್ತೀನಿ. ಆದ್ರೆ ಜೋರು ಮಳೆ ಬಂದ ರಾತ್ರಿ ಆ ರಸ್ತೆಯ ಎಂಟು ಮನೆಯವರೂ ಒಟ್ಟಿಗೆ ಫೋನ್ ಮಾಡ್ತಾರೆ. ಒಂದೊಂದು ಮನೆ ಕೆಲಸವೂ ಬೇಗ ಆದ್ರೆ ಅಷ್ಟು ಮನೆ ಜಾಸ್ತಿ ಮುಗಿಯುತ್ತೆ.

ಹಲಸೂರು ಹಾರ್ಡ್‌ವೇರ್
ಮೂರಿಂಚು ತಗೊಂಡು ಡೆಲಿವರಿಗೆ, ಅಂದ್ರೆ ನೀರು ಹೊರಬಿಡೋ ಕಡೆಗೆ, ರೆಡ್ಯೂಸರ್ ಹಾಕಿ ಎರಡಿಂಚು ಪೈಪ್ ಬಿಡೋರೇ ಜಾಸ್ತಿ. ಅದು ದುಡ್ಡು ದಂಡ. ಅಷ್ಟೇ ನೀರನ್ನ ಮೂರಿಂಚಿನ ಬದಲು ಎರಡಿಂಚಲ್ಲಿ ನೂಕಿದ್ರೆ ಘರ್ಷಣೆ ಏಳು ಪಟ್ಟಿಗಿಂತ ಜಾಸ್ತಿ. ಮೂರಿಂಚು ಅಂದ್ರೆ ಸಕ್ಷನ್, ಡೆಲಿವರಿ, ಕಪ್ಲಿಂಗ್ ಎಲ್ಲ ಮೂರಿಂಚೇ ಇರಬೇಕು. ಆ ಬೆಲೆ ಸೇರಿಸಿ ಲೆಕ್ಕ ಹಾಕಿ ಅಂತ ಹೇಳಿದ್ದು.

ಪಂಪ್ ಮೇಷ್ಟ್ರು
ಈ ಮಾತು ನೂರಕ್ಕೆ ನೂರು ಸರಿ. ಪಂಪಿಗಿಂತ ಪೈಪಲ್ಲೇ ಜನ ಎಡವೋದು. ಸಕ್ಷನ್‌ಗೆ ಸುರುಳಿ ಇರೋ ಗಟ್ಟಿ ಪಿವಿಸಿ ಪೈಪೇ ಬೇಕು, ಮೆತ್ತಗಿನ ಪೈಪ್ ಒಳಕ್ಕೆ ಚಪ್ಪಟೆಯಾಗಿಬಿಡುತ್ತೆ. ಆರರಿಂದ ಎಂಟು ಮೀಟರ್ ಸಾಕು. ಡೆಲಿವರಿಗೆ ಸುತ್ತಿಡೋ ಫ್ಲ್ಯಾಟ್ ಪೈಪು, 25 ಮೀಟರಿನ ಎರಡು ಸುರುಳಿ. ಕ್ಯಾಮ್‌ಲಾಕ್ ಕಪ್ಲಿಂಗ್ (ಲಿವರ್ ಮಡಚಿ ಕೂರಿಸೋ ಜಾಯಿಂಟ್) ಹಾಕಿಸಿ, ಕತ್ತಲಲ್ಲಿ ಒದ್ದೆ ಕೈಲಿ ಕ್ಲಿಪ್ಪು ಸ್ಕ್ರೂಡ್ರೈವರ್ ಅಂತ ಒದ್ದಾಡೋದು ತಪ್ಪುತ್ತೆ. ಕ್ಯಾಮ್‌ಲಾಕ್ ಒಳಗಿನ ರಬ್ಬರ್ ವಾಷರ್ ಹತ್ತು ಸ್ಪೇರ್ ಇಟ್ಕೊಳ್ಳಿ. ಸಕ್ಷನ್ ಕಡೆ ಒಂದು ವಾಷರ್ ಹರಿದ್ರೂ ಪಂಪು ಗಾಳಿ ಎಳೆಯುತ್ತೆ, ನೀರು ಎತ್ತಲ್ಲ. ಹೊರಗಡೆ ನೀರು ಸೋರಲ್ಲವಾದ್ರಿಂದ ಲೀಕ್ ಎಲ್ಲಿ ಅಂತ ಕಣ್ಣಿಗೆ ಬೀಳಲ್ಲ. ಜಾಯಿಂಟ್ ಮೇಲೆ ಸೋಪು ನೊರೆ ಹಚ್ಚಿ ನೋಡಿ, ನೊರೆ ಒಳಕ್ಕೆ ಎಳೆದುಕೊಳ್ಳೋ ಜಾಗದಲ್ಲೇ ಲೀಕು.

ಸ್ಟಾರ್ಟ್ ಮಾಡೋ ಮುಂಚೆ ಪಂಪಿನ ಹೊಟ್ಟೆಗೆ ನೀರು ತುಂಬಲೇಬೇಕು. ಸೆಲ್ಫ್ ಪ್ರೈಮಿಂಗ್ ಅಂದ್ರೆ ಒಣಗಿದ್ರೂ ಎಳೆಯುತ್ತೆ ಅಂತಲ್ಲ. ಒಣಗಿ ಓಡಿದ್ರೆ ಮೆಕ್ಯಾನಿಕಲ್ ಸೀಲ್ ನಿಮಿಷಗಳಲ್ಲೇ ಸುಟ್ಟುಹೋಗುತ್ತೆ. ಸ್ಪೇರ್ ಸೀಲ್ ಒಂದು, ಇಂಜಿನ್ ಸ್ಟಾರ್ಟ್ ಮಾಡೋಕೆ ಎಳೆಯೋ ರಿಕಾಯಿಲ್ ಹಗ್ಗ ಒಂದು, ಸ್ಪಾರ್ಕ್ ಪ್ಲಗ್ ಎರಡು ಆಟೋದಲ್ಲಿರಲಿ.

ಏಳನೇ ಕ್ಲಾಸ್ ಭೌತಶಾಸ್ತ್ರ
ಕೈಪಿಡಿಯಲ್ಲಿ ಸಕ್ಷನ್ 8 ಮೀಟರ್ ಅಂತ ಇದ್ರೆ ಬೆಂಗಳೂರಲ್ಲಿ ಅಷ್ಟು ಸಿಗಲ್ಲ. ನಾವಿರೋದು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲೆ. ಗಾಳಿಯ ಒತ್ತಡ ಕಮ್ಮಿ, ಹತ್ತಿರ ಹತ್ತಿರ ಒಂದು ಮೀಟರ್ ಅಲ್ಲೇ ಹೋಯ್ತು. ಇಂಜಿನ್ ಶಕ್ತಿಯೂ ಹತ್ತು ಪರ್ಸೆಂಟ್ ಆಸುಪಾಸು ಕಮ್ಮಿ. ಒಂದೇ ಬೇಸ್‌ಮೆಂಟಿಗೆ ತೊಂದರೆಯಿಲ್ಲ. ಎರಡು ಮಟ್ಟದ ಬೇಸ್‌ಮೆಂಟಲ್ಲಿ ಕೆಳಗಿನ ನೀರನ್ನ ಮೇಲಿಂದ ಎಳೆಯೋಕೆ ಹೋಗಬೇಡಿ, ಅಲ್ಲಿ ಸಬ್‌ಮರ್ಸಿಬಲ್ಲೇ ನೂಕಬೇಕು.

ರಾಜಕಾಲುವೆ ಪಕ್ಕದ ಮನೆ
ಎಲ್ಲರೂ ನೀರು ಎತ್ತೋದನ್ನೇ ಹೇಳ್ತಿದೀರ. ಎತ್ತಿದ ನೀರು ಎಲ್ಲಿಗೆ ಬಿಡ್ತೀರಾ? ಗೇಟ್ ಮುಂದಿನ ಮೋರಿ ತುಂಬಿ ಹರೀತಿದ್ರೆ ನೀವು ಬಿಟ್ಟಿದ್ದೇ ರ‍್ಯಾಂಪಿಂದ ವಾಪಸ್ ಇಳಿಯುತ್ತೆ. ಗಂಟೆಗೆ ಇಷ್ಟು ಅಂತ ಬಿಲ್ ಏರುತ್ತೆ, ಮಟ್ಟ ಇಳಿಯಲ್ಲ, ಜಗಳ ಶುರು. ಪಂಪ್ ಇಳಿಸೋ ಮುಂಚೆ ಟಾರ್ಚ್ ಹಿಡ್ಕೊಂಡು ಮೋರಿ ನೋಡಿ. ಮಟ್ಟ ಇಳೀತಿದ್ರೆ ಶುರು ಮಾಡಿ, ಏರ್ತಿದ್ರೆ ಕಾಯಿರಿ. ಮೊದಲು ರ‍್ಯಾಂಪ್ ಬಾಯಿಗೆ ಮರಳು ಮೂಟೆ ಎರಡು ಸಾಲು ಜೋಡಿಸಿ, ಕೆಳಗೆ ಟಾರ್ಪಾಲ್ ಹಾಕಿ.

ಒಳಚರಂಡಿ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಬಿಡಬೇಡಿ. ಮಳೆನೀರನ್ನ ಅದಕ್ಕೆ ಬಿಡೋ ಹಾಗಿಲ್ಲ. ಬಿಟ್ರೆ ಅದೇ ರಸ್ತೆಯ ತಗ್ಗಿನ ಮನೆಯ ಬಚ್ಚಲಲ್ಲಿ ಉಕ್ಕುತ್ತೆ. ಮುಚ್ಚಳ ತೆಗೆದ ಮ್ಯಾನ್‌ಹೋಲ್ ನೀರು ನಿಂತ ರಸ್ತೆಯಲ್ಲಿ ಕಾಣೋದೂ ಇಲ್ಲ.

ಗೆದ್ದಲಹಳ್ಳಿ
ನಮ್ಮ ಸಾಯಿ ಲೇಔಟ್ ಕಡೆ ಎಷ್ಟು ಪಂಪಿದ್ರೂ ರೈಲ್ವೆ ಹಳಿ ಕೆಳಗಿನ ಆ ಕಿರಿದಾದ ಮೋರಿಯಲ್ಲಿ ನೀರು ಹೋಗೋವರೆಗೂ ಏನೂ ಆಗಲ್ಲ. 2024ರ ಅಕ್ಟೋಬರಲ್ಲಿ ಆಯ್ತು, 2025ರ ಮೇನಲ್ಲಿ ಮತ್ತೆ ಆಯ್ತು. ರಾಜಕಾಲುವೆ ಅಗಲ ಮಾಡದೆ ಮನೆಮನೆಗೆ ಪಂಪ್ ಇಟ್ಟು ಏನು ಪ್ರಯೋಜನ?

ರಾಜಕಾಲುವೆ ಪಕ್ಕದ ಮನೆ
ಒಪ್ತೀನಿ. ಕೆರೆಯಿಂದ ಕೆರೆಗೆ ಹೋಗೋ ದಾರಿ ಮುಚ್ಚಿದ್ದಕ್ಕೇ ಈ ಗತಿ. ಅದನ್ನ ಪಾಲಿಕೆಯವರೇ ತೆಗೀಬೇಕು, ಅದಕ್ಕೆ ಎಲ್ಲರೂ ಬೆನ್ನು ಬೀಳಬೇಕು. ಅಲ್ಲೀವರೆಗೂ ಬೇಸ್‌ಮೆಂಟಲ್ಲಿ ನಿಂತಿದ್ದನ್ನ ಯಾರಾದ್ರೂ ತೆಗೀಲೇಬೇಕಲ್ಲ.

ಸ್ಟ್ರಕ್ಚರಲ್ ಕನ್ಸಲ್ಟೆಂಟ್
ಒಂದು ಎಚ್ಚರಿಕೆ. ಬೇಸ್‌ಮೆಂಟ್ ಪೂರ್ತಿ ತುಂಬಿದ್ರೆ ಒಂದೇ ಸಲಕ್ಕೆ ಖಾಲಿ ಮಾಡಬೇಡಿ. ಸುತ್ತಲ ಮಣ್ಣು ನೀರು ಕುಡಿದು ಗೋಡೆಯನ್ನ ಒಳಕ್ಕೆ ಒತ್ತುತ್ತಿರುತ್ತೆ. ಒಳಗಿನ ನೀರೇ ಅದಕ್ಕೆ ಎದುರು ಒತ್ತಡ. ಅದನ್ನ ಸರಕ್ಕನೆ ತೆಗೆದ್ರೆ ಗೋಡೆ ಬಿರುಕು ಬಿಡಬಹುದು, ನೆಲ ಉಬ್ಬಬಹುದು. ಹಳೇ ಸೈಜುಗಲ್ಲಿನ ಗೋಡೆ, ಸಿಮೆಂಟ್ ಬ್ಲಾಕಿನ ಗೋಡೆಗಳಿಗೆ ಅಪಾಯ ಜಾಸ್ತಿ. ಒಂದಡಿ ಇಳಿಸಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಒಂದು ರಾತ್ರಿ ಬಿಡಿ. ನೀರು ಆ ಗೆರೆ ದಾಟಿ ಮೇಲೇರಿದ್ರೆ ಹೊರಗಿನ ನೀರು ಒಳಗೆ ಬರ್ತಿದೆ ಅಂತ ಅರ್ಥ, ಆವತ್ತಿಗೆ ನಿಲ್ಲಿಸಿ. ಏರದಿದ್ರೆ ಇನ್ನೊಂದೆರಡಡಿ. ಬರೀ ಪಾದ ಮುಳುಗೋ ನೀರಿಗೆ ಇದು ಬೇಕಾಗಿಲ್ಲ. ಫೈಬರ್, ಪ್ಲಾಸ್ಟಿಕ್ ಸಂಪ್ ಇದ್ರೆ ಅದನ್ನೂ ಆ ವಾರ ಖಾಲಿ ಮಾಡಬೇಡಿ, ಕೆಳಗಿನ ನೀರು ಎತ್ತಿಬಿಡುತ್ತೆ.

ಹೊರಮಾವು ಹುಡುಗ
ಇದು ಯಾರೂ ಹೇಳಿರಲಿಲ್ಲ ಸಾರ್, ತುಂಬಾ ಥ್ಯಾಂಕ್ಸ್. ಕೊನೇಲಿ ಉಳಿಯೋ ನೀರು, ಕೆಸರಿಗೆ ಏನು ಬೇಕು?

ಮೇಂಟೆನೆನ್ಸ್ ಮಂಜಣ್ಣ
ಗಿರಾಕಿ ದುಡ್ಡು ಕೊಡೋದು ಆ ಕೊನೇ ಇಂಚಿಗೇ ತಮ್ಮ, ಅದನ್ನ ಸಲೀಸು ಅಂತ ಬಿಡಬೇಡ. ಫ್ಲೋಟ್ ಸ್ವಿಚ್ ಇರೋ ಸಬ್‌ಮರ್ಸಿಬಲ್ಲು ನಾಲ್ಕೈದು ಇಂಚಿಗೇ ನಿಲ್ಲುತ್ತೆ. ಫ್ಲೋಟನ್ನ ಮೇಲಕ್ಕೆ ಕಟ್ಟಿ ಓಡಿಸಬಹುದು, ಆದ್ರೆ ಕಣ್ಣಿಟ್ಟಿರಬೇಕು. ಕಮ್ಮಿ ನೀರಲ್ಲೂ ಮೋಟರ್ ತಣ್ಣಗಿಡೋಕೆ ನೀರಿನ ಜಾಕೆಟ್ ಇರೋ, ಮೇಲಿಂದ ನೀರು ಹೋಗೋ ಮಾಡೆಲ್ ಕೇಳು. ಪಕ್ಕಕ್ಕೆ ಔಟ್‌ಲೆಟ್ ಇರೋದು ಅರ್ಧ ಮುಳುಗಿ ಓಡಿದ್ರೆ ಬಿಸಿಯಾಗಿ ಹೋಗುತ್ತೆ.

ಪಂಪನ್ನ ನೆಲದ ಮೇಲೆ ಹಾಗೇ ಇಡಬೇಡ. ಹಾಲಿನ ಪ್ಯಾಕೆಟ್ ತರೋ ಪ್ಲಾಸ್ಟಿಕ್ ಕ್ರೇಟಿಗೆ ಸೊಳ್ಳೆ ಪರದೆ ಬೇಡ, ಅದು ಕೂಡ್ಲೇ ಕಟ್ಟುತ್ತೆ. ಕೋಳಿ ಜಾಲರಿ ಸುತ್ತಿ ಅದರೊಳಗೆ ಇಡು. ಬೇಸ್‌ಮೆಂಟ್ ನೀರಲ್ಲಿ ಪ್ಲಾಸ್ಟಿಕ್ ಕವರು, ತೆಂಗಿನ ನಾರು, ಕಾರ್ ಒರೆಸೋ ಬಟ್ಟೆ ಇದ್ದೇ ಇರುತ್ತೆ. ಒಂದು ಬಟ್ಟೆ ಸಿಕ್ಕಿಕೊಂಡ್ರೆ ಇಂಪೆಲ್ಲರ್ ನಿಂತೇ ಹೋಯ್ತು.

ಕೆಸರನ್ನ ನೀರಿರೋವಾಗಲೇ ಕಲಕು. ನೀರು ಪೂರ್ತಿ ಹೋದ್ಮೇಲೆ ಅದು ಒಣಗಿ ಹಿಡ್ಕೊಳ್ಳುತ್ತೆ, ಆಮೇಲೆ ಎರಡರಷ್ಟು ಕೆಲಸ. ಎರಡು ಇಂಚು ನೀರು ಉಳಿದಾಗ ಇಬ್ಬರೂ ಉದ್ದ ಹಿಡಿಯ ರಬ್ಬರ್ ವೈಪರ್ ಹಿಡಿದು ಪಂಪಿನ ಕಡೆ ತಳ್ಳಿ. ಸಬ್‌ಮರ್ಸಿಬಲ್ ಓಡ್ತಿರೋವಾಗ ನೀರಲ್ಲಿ ನಿಲ್ಲಬಾರದು ಅಂತ ವೈರ್‌ಮನ್ ಹೇಳಿದಾರಲ್ಲ, ಅದಕ್ಕೇ ಈ ಹಂತಕ್ಕೆ ಹೊರಗಿನ ಪೆಟ್ರೋಲ್ ಪಂಪಿನ ಸಕ್ಷನ್ ಬಳಸು, ಸ್ಟ್ರೇನರನ್ನ ತಗ್ಗಾಗಿರೋ ಮೂಲೆಗೆ ಅಥವಾ ಸಂಪ್ ಗುಂಡಿಗೆ ಇಳಿಸು. ದಪ್ಪ ಕೆಸರಿಗೆ ಸಲಿಕೆ, ಬಾಂಡ್ಲಿ, ಗೋಣಿಚೀಲವೇ. ಮೋರಿಗೆ ಸುರೀಬೇಡ, ಮುಂದಿನ ಮಳೆಗೆ ಅದೇ ಕಟ್ಟುತ್ತೆ. ಗಂಬೂಟು, ಗ್ಲೌಸು ಇಲ್ಲದೆ ಇಳೀಲೇಬೇಡಿ, ಇಲಿಜ್ವರ ಬರೋದು ಇಂಥ ನೀರಿಂದಲೇ. ಕಾಲಲ್ಲಿ ಗಾಯ ಇದ್ದವನು ಆವತ್ತು ಮೇಲೆ ಪಂಪ್ ನೋಡ್ಕೊಳ್ಳಲಿ.

ಪ್ರೆಷರ್ ವಾಷರ್ ಮೊದಲ ತಿಂಗಳು ಬಾಡಿಗೆಗೆ ತಗೋ.

ಲಿಫ್ಟ್ ಟೆಕ್ನಿಷಿಯನ್
ಲಿಫ್ಟ್ ಗುಂಡಿಗೆ ಯಾರೂ ಇಳೀಬೇಡಿ. ಲಿಫ್ಟ್ ಮೇಲಿನ ಮಹಡಿಯಲ್ಲಿ ನಿಂತು, ಅದರ ಮೇನ್ ಆಫ್ ಆಗಿ, ಲಿಫ್ಟ್ ಕಂಪನಿಯವರು ಬಂದಮೇಲೆ ಅವರ ಎದುರೇ ಪೈಪ್ ಬಿಡಿ.

ಮಡಿವಾಳ ಗ್ಯಾರೇಜ್
ಮುಳುಗಿದ ಕಾರು, ಸ್ಕೂಟರ್ ಸ್ಟಾರ್ಟ್ ಮಾಡಿ ಪಕ್ಕಕ್ಕೆ ನಿಲ್ಲಿಸೋಣ ಅಂತ ಹೋಗಬೇಡಿ. ಸಿಲಿಂಡರಲ್ಲಿ ನೀರಿದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಆಮೇಲೆ ತಪ್ಪು ನಿಮ್ಮ ತಲೆ ಮೇಲೆ. ನ್ಯೂಟ್ರಲ್ಲಿಗೆ ಹಾಕಿ ತಳ್ಳಿ. ಎಲೆಕ್ಟ್ರಿಕ್ ಗಾಡಿಗಳನ್ನ ಮುಟ್ಟಲೇಬೇಡಿ. ಶುರು ಮಾಡೋ ಮುಂಚೆ ಎಲ್ಲಾ ಗಾಡಿಯ ಫೋಟೋ ತೆಗೆದಿಟ್ಕೊಳ್ಳಿ.

ಸಂಪ್ ಸರ್ವಿಸ್
ಬೇಸ್‌ಮೆಂಟಿಗೆ ನೀರು ಬಂದಿದ್ರೆ ಸಂಪಿಗೂ ಬಂದಿರಬಹುದು, ಆ ಕೆಲಸವನ್ನೂ ಅಲ್ಲೇ ಮಾತಾಡಿ. ಖಾಲಿ ಮಾಡಿ, ಉಜ್ಜಿ, ತುಂಬಿಸಿ, 10,000 ಲೀಟರಿಗೆ 33 ಪರ್ಸೆಂಟ್ ಕ್ಲೋರಿನ್ ಇರೋ ಬ್ಲೀಚಿಂಗ್ ಪೌಡರ್ ಒಂದೂವರೆ ಕೆಜಿ. ಬಕೆಟ್ಟಲ್ಲಿ ಕದಡಿ ಸುಣ್ಣ ತಳಕ್ಕೆ ಕೂತಮೇಲೆ ಮೇಲಿನ ತಿಳಿ ಮಾತ್ರ ಹಾಕಿ. ಆರೇಳು ಗಂಟೆ ಬಿಟ್ಟು ಆ ನೀರನ್ನ ಪೂರ್ತಿ ಚೆಲ್ಲಬೇಕು, ಅದು ಕುಡಿಯೋ ಪ್ರಮಾಣ ಅಲ್ಲ. ಹಳೇ ಪುಡಿ ಗಾಳಿಗೆ ಬಿಟ್ಟಿದ್ರೆ ಕ್ಲೋರಿನ್ ಹೋಗಿರುತ್ತೆ, ಸೀಲ್ ಆಗಿರೋದನ್ನೇ ತನ್ನಿ.

ಸಂಪಿಗೆ ಇಳಿಯೋ ಮುಂಚೆ ಮುಚ್ಚಳ ತೆಗೆದು ಬ್ಲೋವರಲ್ಲಿ ಗಾಳಿ ಹಾಯಿಸಿ, ಮೇಲೊಬ್ಬರು ಹಗ್ಗ ಹಿಡಿದಿರಲಿ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸೋ ಘಟಕ), ಪಿಟ್ಟು, ಸೆಪ್ಟಿಕ್ ಟ್ಯಾಂಕಿಗೆ ಮಾತ್ರ ಯಾರು ಎಷ್ಟೇ ಕೊಡ್ತೀನಿ ಅಂದ್ರೂ ಇಳೀಬೇಡಿ, ಯಾರನ್ನೂ ಇಳಿಸಬೇಡಿ. ಮಲ ಹೊರೋ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಸುರಕ್ಷತೆ ಇಲ್ಲದೆ ಜನರನ್ನ ಅದಕ್ಕೆ ಇಳಿಸೋದು ಅಪರಾಧ, ಅಲ್ಲಿನ ಗ್ಯಾಸಿಗೆ ಒಂದೇ ಉಸಿರು ಸಾಕು ಸಾಯೋಕೆ. ಸಕ್ಷನ್ ಗಾಡಿಯವರ ನಂಬರ್ ಕೊಟ್ಟು ಬನ್ನಿ.

ಹೊರಮಾವು ಹುಡುಗ
ಎಲ್ಲರ ಮಾತು ಸೇರಿಸಿ ಹೀಗೆ ಅಂದ್ಕೊಂಡಿದೀವಿ: ಮೂರಿಂಚಿನ ಪೆಟ್ರೋಲ್ ಪಂಪು ಒಂದು, ಜಾಕೆಟ್ ಇರೋ ಒಂದು ಎಚ್‌ಪಿ ಸಬ್‌ಮರ್ಸಿಬಲ್ ಒಂದು, ಮೂರಿಂಚಿನ ಸಕ್ಷನ್ 8 ಮೀಟರ್, ಫ್ಲ್ಯಾಟ್ ಪೈಪ್ 50 ಮೀಟರ್, ಕ್ಯಾಮ್‌ಲಾಕ್, ಆರ್‌ಸಿಸಿಬಿ ಬೋರ್ಡು, 2.5ರ ರಬ್ಬರ್ ಕೇಬಲ್, ವೈಪರ್, ಬಾಂಡ್ಲಿ, ಗಂಬೂಟು, ಮರಳು ಮೂಟೆ. ಜನರೇಟರ್, ವಾಷರ್ ಬಾಡಿಗೆಗೆ. ಮಳೆ ಇಲ್ಲದ ತಿಂಗಳಲ್ಲಿ ಸಂಪ್ ಕ್ಲೀನಿಂಗು. ಏನಾದ್ರೂ ಬಿಟ್ಟೋಯ್ತಾ?

ಹಲಸೂರು ಹಾರ್ಡ್‌ವೇರ್
ಸಬ್‌ಮರ್ಸಿಬಲ್ಲಿಗೆ ಎರಡಿಂಚಿನ ಫ್ಲ್ಯಾಟ್ ಪೈಪ್ ಬೇರೆ ಬೇಕು, ಅದನ್ನ ಮರೆತಿದೀರಾ.

ಇಂಗುಬಾವಿ
ಬೇಸಿಗೆಗೆ ಇಂಗುಬಾವಿ ಹೂಳು ತೆಗೆಯೋ ಕೆಲಸವೂ ಸಿಗುತ್ತೆ. ಮಳೆಗೆ ಮುಂಚೆ ಏಪ್ರಿಲ್‌ನಲ್ಲಿ ಕೇಳ್ಕೊಂಡು ಬನ್ನಿ. ಬಾವಿಗೆ ಇಳಿಯೋ ಕೆಲಸವನ್ನ ಮಾತ್ರ ಅದರಲ್ಲಿ ಪಳಗಿದ ಮಣ್ಣು ವಡ್ಡರಿಗೆ ಬಿಡಿ, ನೀರು ಎತ್ತಿ ಕೊಡೋದು ನಿಮ್ಮ ಪಾಲಿಗಿರಲಿ.

ಪಂಪ್ ಮೇಷ್ಟ್ರು
ಪಟ್ಟಿ ಸರಿಯಿದೆ. ಸೀಸನ್ ಮುಗಿದಾಗ ಪೆಟ್ರೋಲ್ ಟ್ಯಾಂಕಲ್ಲಿ ಬಿಡಬೇಡಿ. ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್, ಅದು ನೀರು ಹೀರಿ ತಳದಲ್ಲಿ ಬೇರೆಯಾಗುತ್ತೆ, ಕಾರ್ಬ್ಯುರೇಟರ್ ಜೆಟ್ ಕಟ್ಟುತ್ತೆ. ಟ್ಯಾಂಕ್ ಖಾಲಿ ಮಾಡಿ, ಕಾಕ್ ಮುಚ್ಚಿ, ಇಂಜಿನ್ ತಾನಾಗೇ ನಿಲ್ಲೋವರೆಗೂ ಓಡಿಸಿ. ಅದಕ್ಕೆ ಪಂಪಿನ ಹೊಟ್ಟೆಯಲ್ಲಿ ನೀರಿರಲಿ. ಆಮೇಲೆ ಡ್ರೈನ್ ಪ್ಲಗ್ ಬಿಚ್ಚಿ ಕೆಸರು ನೀರೆಲ್ಲ ಬಸಿದು, ಒಳ್ಳೇ ನೀರಲ್ಲಿ ಒಂದು ಸಲ ತೊಳೆದು ಒಣಗಿಸಿ ಇಡಿ. ಮೊದಲ ಆಯಿಲ್ 20 ಗಂಟೆಗೆ ಬದಲಾಯಿಸಿ.

ಹೊರಮಾವು ಹುಡುಗ
ಸರಿ ಸಾರ್. ಶನಿವಾರ ಎಸ್.ಜೆ.ಪಿ. ರಸ್ತೆಗೆ ಹೋಗ್ತಿದೀವಿ, ಬೋರ್ಡು ಕೇಬಲ್ಲು ಮೊದಲು ತಗೊಂಡೇ ಪಂಪಿನ ಅಂಗಡಿಗೆ ಹೋಗ್ತೀವಿ.

ವೈರ್‌ಮನ್ ಬಸವನಗುಡಿ
ಬೋರ್ಡ್ ಕಟ್ಟಿಸಿದ್ಮೇಲೆ ಫೋಟೋ ಹಾಕಿ, ವೈರಿಂಗ್ ನೋಡಿ ಹೇಳ್ತೀನಿ.